36 ಸರಿ, 11 ಕೂಡ ಸರಿ: ವರ್ಷವಾರು ಟ್ರಿಪಲ್ ಪಟ್ಟಿ ಮಾಡುವವರಿಗೆ

ಬೇಸ್‌ಬಾಲ್‌ನಲ್ಲಿ ಒಂದೇ ಹೊಡೆತಕ್ಕೆ ಬ್ಯಾಟರ್ ಮೂರನೇ ಬೇಸ್ (ಓಟದ ಮೂರನೇ ನಿಲ್ದಾಣ) ತಲುಪಿದರೆ ಅದು ಟ್ರಿಪಲ್. ಪ್ರತಿ ವರ್ಷ ಅತಿ ಹೆಚ್ಚು ಟ್ರಿಪಲ್ ಹೊಡೆದವರ ಪಟ್ಟಿಯಲ್ಲಿ 1912ರ ಎದುರು 36, 2023ರ ಅಮೆರಿಕನ್ ಲೀಗ್ (ಅಮೆರಿಕದ ಎರಡು ಪ್ರಮುಖ ಲೀಗ್‌ಗಳಲ್ಲಿ ಒಂದು) ಎದುರು 11 ಕಂಡು ಟೈಪಿಂಗ್ ತಪ್ಪೇ ಎಂದು ಕೇಳಿದ್ದೀರಿ. ಎರಡೂ ಸರಿ ಸರ್, ತಿದ್ದಬೇಡಿ. 36 ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಚೀಫ್ ವಿಲ್ಸನ್ ಅವರದು, 11 ಕ್ಯಾನ್ಸಸ್ ಸಿಟಿಯ ಬಾಬಿ ವಿಟ್ ಜೂನಿಯರ್ ಅವರದು.

ಆದರೆ ಬರೀ ಅಂಕಿ ಬರೆದಿಟ್ಟರೆ ಪಟ್ಟಿ ಅರ್ಧವೇ. ವಿಲ್ಸನ್ 1911ರಲ್ಲಿ ಹೊಡೆದದ್ದು 12, 1913ರಲ್ಲಿ 14. ನಡುವಿನ 36ರಲ್ಲಿ 24 ಬಂದದ್ದು ತವರಿನ ಫೋರ್ಬ್ಸ್ ಫೀಲ್ಡ್‌ನಲ್ಲಿ. ಅಲ್ಲಿ ಎಡ-ಮಧ್ಯದ ಗೋಡೆ 450 ಅಡಿಗೂ ಆಚೆ. ಆಗಿನ ಚೆಂಡು ಅಷ್ಟು ದೂರ ಹಾರುತ್ತಿರಲಿಲ್ಲ. ಇಬ್ಬರು ಫೀಲ್ಡರ್‌ಗಳ ನಡುವೆ ಬಿದ್ದು ಉರುಳುತ್ತಾ ಹೋಗುತ್ತಿತ್ತು. ಅದನ್ನು ಹೆಕ್ಕಿ ಎಸೆಯುವಷ್ಟರಲ್ಲಿ ಬ್ಯಾಟರ್ 270 ಅಡಿ ಓಡಿ ಮೂರನೇ ಬೇಸ್ ತಲುಪಿರುತ್ತಿದ್ದ. ಇಂದು ಅಂಥ ಹೊಡೆತಗಳಲ್ಲಿ ಎಷ್ಟೋ ಗೋಡೆ ದಾಟಿ ಹೋಮ್ ರನ್ ಆಗುತ್ತವೆ, ಉಳಿದವು ಗೋಡೆಗೆ ಬಡಿದು ಬೇಗ ಫೀಲ್ಡರ್ ಕೈಗೆ ಬರುತ್ತವೆ.

ಹಾಗಾಗಿ ತವರು ಮೈದಾನಕ್ಕೆ ಒಂದು ಕಾಲಂ ಸೇರಿಸಿ. 2007ರಲ್ಲಿ ಡೆಟ್ರಾಯಿಟ್‌ನ ಕರ್ಟಿಸ್ ಗ್ರ್ಯಾಂಡರ್ಸನ್ 23 ಹೊಡೆದಾಗ ತವರು ಮೈದಾನ ಕೊಮೆರಿಕಾ ಪಾರ್ಕ್‌ನ ನೇರ ಮಧ್ಯದ ಗೋಡೆ 420 ಅಡಿಯಲ್ಲಿತ್ತು; 2023ಕ್ಕೆ ಅದನ್ನು ಒಳಕ್ಕೆ ತಂದರು. ಕ್ಯಾನ್ಸಸ್ ಸಿಟಿಯ ಕತೆ ಬೇರೆ: ಕೃತಕ ಹುಲ್ಲಿನ ಮೇಲೆ ಚೆಂಡು ಜಾರಿ ಗೋಡೆವರೆಗೂ ಹೋಗುತ್ತಿತ್ತು. ಜಾರ್ಜ್ ಬ್ರೆಟ್ 1979ರಲ್ಲಿ 20, ವಿಲ್ಲಿ ವಿಲ್ಸನ್ 1985ರಲ್ಲಿ 21 ಹೊಡೆದದ್ದು ಆ ಕಾಲದಲ್ಲಿ.

ಪಕ್ಕದಲ್ಲೇ ಡಬಲ್ (ಎರಡನೇ ಬೇಸ್‌ವರೆಗಿನ ಹೊಡೆತ) ಕಾಲಂ ಇಡಿ. ಟ್ರಿಪಲ್ ಸಂಖ್ಯೆಯನ್ನು ಡಬಲ್ ಮತ್ತು ಟ್ರಿಪಲ್ ಸೇರಿದ ಮೊತ್ತದಿಂದ ಭಾಗಿಸಿ. 1912ರ ವಿಲ್ಸನ್: 19 ಡಬಲ್, 36 ಟ್ರಿಪಲ್, ಶೇ. 65. ಗ್ರ್ಯಾಂಡರ್ಸನ್: 38 ಮತ್ತು 23, ಶೇ. 38. ವಿಟ್: 28 ಮತ್ತು 11, ಶೇ. 28. ಒಟ್ಟು ಸಂಖ್ಯೆ ಹೇಳದ ವಿಷಯವನ್ನು ಈ ಶೇಕಡಾವಾರು ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಇದೇ ಮುಖ್ಯ ಕಾಲಂ.

ಪಂದ್ಯ ನೋಡಿ ನೀವೇ ಎಣಿಸುವುದಾದರೆ ಲೆಕ್ಕ ತಪ್ಪುವುದು ಸ್ಕೋರಿಂಗ್‌ನಲ್ಲಿ. ಇನ್ನೊಬ್ಬ ಓಟಗಾರನನ್ನು ತಡೆಯಲು ಚೆಂಡನ್ನು ಹೋಮ್‌ಗೆ (ಓಟ ಮುಗಿಯುವ ಕೊನೆಯ ಬೇಸ್‌ಗೆ) ಎಸೆದಾಗ ಆ ಸಂದಿಯಲ್ಲಿ ಬ್ಯಾಟರ್ ಮೂರನೇ ಬೇಸ್‌ಗೆ ನುಗ್ಗಿದರೆ ಸಾಮಾನ್ಯವಾಗಿ ಡಬಲ್ ಎಂದೇ ದಾಖಲಾಗುತ್ತದೆ. ಮೂರನೇ ಬೇಸ್‌ನಲ್ಲಿ ಔಟಾದರೂ ಡಬಲ್ಲೇ. ಫೀಲ್ಡರ್ ತಪ್ಪಿನಿಂದ ಸಿಕ್ಕ ಬೇಸ್ ಹಿಟ್‌ಗೆ ಸೇರುವುದಿಲ್ಲ. ಪುಟಿದು ಗೋಡೆ ದಾಟಿದ ಚೆಂಡಿಗೆ ಇಂದು ಎರಡೇ ಬೇಸ್.

ಸೀಸನ್ ನಡುವೆ ಆಟಗಾರ ಒಂದು ಲೀಗ್‌ನಿಂದ ಇನ್ನೊಂದಕ್ಕೆ ಹೋದರೆ ಎರಡನ್ನೂ ಕೂಡಿಸಬೇಡಿ, ಲೀಗ್ ಅಗ್ರಸ್ಥಾನಕ್ಕೆ ಆಯಾ ಲೀಗ್‌ನಲ್ಲಿ ಹೊಡೆದದ್ದಷ್ಟೇ ಲೆಕ್ಕ. ತಂಡ ಬದಲಾಗಿ ಲೀಗ್ ಅದೇ ಇದ್ದರೆ ಕೂಡಿಸಿ. ಮೊಟಕಾದ ಸೀಸನ್‌ಗಳಿಗೂ ಗುರುತು ಹಾಕಿ: 1994ರಲ್ಲಿ ಮುಷ್ಕರ, 2020ರಲ್ಲಿ 60 ಪಂದ್ಯ ಮಾತ್ರ. ಲ್ಯಾನ್ಸ್ ಜಾನ್ಸನ್ 14 ಟ್ರಿಪಲ್‌ಗಳಿಂದ ಅಮೆರಿಕನ್ ಲೀಗ್‌ನಲ್ಲಿ ಮೊದಲಾದದ್ದು ಆ 1994ರಲ್ಲೇ. ಪೂರ್ತಿ ಸೀಸನ್ ನಡೆದ 1996ರಲ್ಲಿ ಮೆಟ್ಸ್ ಪರ 21 ಹೊಡೆದರು.

ಕೊರಿಯಾ, ಜಪಾನ್ ಲೀಗ್‌ಗಳಿಗೆ ಬೇರೆ ಹಾಳೆ ಮಾಡಿ. ಕೊರಿಯಾದ ಸಿಯೊ ಗಿಯೊನ್-ಚಾಂಗ್ 2014ರಲ್ಲಿ 17 ಹೊಡೆದದ್ದು 128 ಪಂದ್ಯಗಳ ಸೀಸನ್‌ನಲ್ಲಿ. ಅಮೆರಿಕದ 162 ಪಂದ್ಯಗಳ ಸೀಸನ್ ಸಾಲಿನಲ್ಲಿ ಸೇರಿಸಿದರೆ ಹೋಲಿಕೆ ಕೆಡುತ್ತದೆ.