ಎಂಜಿನ್ ಬಡಿತ: ಕ್ರ್ಯಾಂಕ್ ಕೆಟ್ಟರೆ ಎಂಜಿನ್ನನ್ನೇ ಬದಲಿಸಬೇಕೆ?

ಪ್ರಶ್ನೆ: ಆಗುಂಬೆ ಘಾಟಿ ಹತ್ತುವಾಗ ನನ್ನ 350 ಸಿಸಿ ಸಿಂಗಲ್ ಸಿಲಿಂಡರ್ ಟೂರಿಂಗ್ ಬೈಕಿನ ಎಂಜಿನ್ನಿನ ಕೆಳಭಾಗದಿಂದ ಬಡಿತದ ಸದ್ದು ಶುರುವಾಯಿತು. ಕ್ರ್ಯಾಂಕ್ (ಪಿಸ್ಟನ್ನಿನ ಮೇಲೆ-ಕೆಳಗಿನ ಚಲನೆಯನ್ನು ತಿರುಗುವ ಚಲನೆಯಾಗಿಸುವ ಭಾಗ) ಹೋಗಿದೆ, ಎಂಜಿನ್ನನ್ನೇ ಬದಲಿಸಿ ಎನ್ನುತ್ತಾರೆ ಮೆಕ್ಯಾನಿಕ್. ಬೇರೆ ದಾರಿಯಿಲ್ಲವೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇರೆ ದಾರಿ ಇರಬಹುದು, ಆದರೆ ಮೊದಲು ಬೈಕ್ ಓಡಿಸುವುದನ್ನು ನಿಲ್ಲಿಸಿ. ಇಳಿಸಿದ ಆಯಿಲ್‌ನಲ್ಲಿ ಮಿನುಗುವ ಲೋಹದ ಪುಡಿ ಕಂಡು, ಸಿಲಿಂಡರ್ ಬಿಚ್ಚಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ನೇರವಾಗಿ ಮೇಲೆ ಕೆಳಗೆ ಎಳೆದಾಗ ಆಟ (ಸಡಿಲ) ಸಿಕ್ಕರೆ, ರಾಡ್ ಕ್ರ್ಯಾಂಕಿಗೆ ಸೇರುವಲ್ಲಿರುವ ಬಿಗ್ ಎಂಡ್ ಬೇರಿಂಗ್ ಸವೆದಿದೆ ಎಂದೇ ತಿಳಿಯಿರಿ. ರಾಡ್ ಪಕ್ಕಕ್ಕೆ ತುಸು ಸರಿಯುವುದು ಸಹಜ. ಅದನ್ನೇ ತೋರಿಸಿ ಹೆದರಿಸುವವರೂ ಇದ್ದಾರೆ. ಇಂಥ ಎಂಜಿನ್‌ಗಳ ಕ್ರ್ಯಾಂಕ್ ಸಾಮಾನ್ಯವಾಗಿ ಬಿಡಿಭಾಗಗಳನ್ನು ಒತ್ತಿ ಕೂರಿಸಿದ್ದಾದ್ದರಿಂದ, ಅದನ್ನು ಪ್ರೆಸ್ಸಿನಲ್ಲಿ (ಒತ್ತುವ ಯಂತ್ರದಲ್ಲಿ) ಬಿಡಿಸಿ, ರಾಡ್ ಕೂರುವ ಪಿನ್, ಬೇರಿಂಗ್, ರಾಡ್ ಮೂರನ್ನೂ ಒಟ್ಟಿಗೆ ಬದಲಿಸಿ, ಡಯಲ್ ಗೇಜ್ (ಸೂಕ್ಷ್ಮ ಅಳತೆಯ ಮಾಪಕ) ಇಟ್ಟು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಓರೆ ತೆಗೆಯಬಲ್ಲ ವರ್ಕ್‌ಶಾಪಿಗೆ ಕೊಡಿ. ಕಣ್ಣಳತೆಯಲ್ಲೇ ಜೋಡಿಸುವವರ ಬಳಿ ಹೋಗಲೇಬೇಡಿ. ಪಿನ್ ಕೂರುವ ರಂಧ್ರ ಸಡಿಲಾಗಿದ್ದರೆ ಅಥವಾ ಬಿರುಕು ಕಂಡರೆ ಮಾತ್ರ ಪೂರ್ತಿ ಕ್ರ್ಯಾಂಕ್ ಹೊಸದು ಬೇಕು. ಆಗಲೂ ಇಡೀ ಎಂಜಿನ್ ಬೇಕೆಂದಿಲ್ಲ. ಆಯಿಲ್ ಪಂಪ್ ಪರೀಕ್ಷಿಸದೆ, ಆಯಿಲ್ ಹರಿಯುವ ದಾರಿಗಳಲ್ಲಿ ಉಳಿದ ಪುಡಿಯನ್ನು ತೊಳೆಯದೆ ಜೋಡಿಸಿದರೆ ಹೊಸ ಬೇರಿಂಗ್ ಕೂಡ ಬೇಗನೆ ಹಾಳಾಗುತ್ತದೆ.