ವಾಹನ ಪ್ರಶ್ನೋತ್ತರ: ಟ್ರ್ಯಾಕ್‌ಗೆ ಇಳಿಯುವ ಕಾರಿನಲ್ಲಿ ಯಾವ ರಬ್ಬರ್ ಉಳಿಯಬೇಕು?

ಪ್ರಶ್ನೆ: ನನ್ನದು ಮುಂಭಾಗದಲ್ಲಿ ಎಂಜಿನ್ ಇದ್ದು ಹಿಂದಿನ ಚಕ್ರಗಳಿಂದ ಓಡುವ ಎರಡು ಆಸನಗಳ ಮ್ಯಾನ್ಯುಯಲ್ ಸ್ಪೋರ್ಟ್ಸ್ ಕಾರು. ರಸ್ತೆಯಲ್ಲಿ ಗೇರ್ ಸಲೀಸಾಗಿ ಬೀಳುತ್ತದೆ. ಟ್ರ್ಯಾಕ್‌ನಲ್ಲಿ ಮಾತ್ರ, ವೇಗದ ತಿರುವಿನಿಂದ ಹೊರಬರುವಾಗ ಮೂರರಿಂದ ನಾಲ್ಕಕ್ಕೆ ಹಾಕಲು ಹೋದರೆ ಲಿವರ್ ತಡೆಯುತ್ತದೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಈ ಮೂರರ ರಬ್ಬರ್ ಮೌಂಟ್‌ಗಳನ್ನೂ ತೆಗೆದು ಗಟ್ಟಿ ಅಲ್ಯೂಮಿನಿಯಂ ಮೌಂಟ್ ಹಾಕಿಸುವಂತೆ ಸ್ನೇಹಿತರು ಹೇಳುತ್ತಿದ್ದಾರೆ. ಹಾಕಿಸಬಹುದೇ?

ಉತ್ತರ: ಗೇರ್ ತಡೆಯುವುದಕ್ಕೆ ಮೌಂಟ್‌ಗಳೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಆದರೆ ಅದಕ್ಕೆ ಅಲ್ಯೂಮಿನಿಯಂ ಪರಿಹಾರವಲ್ಲ. ಈ ಭಾಗಗಳನ್ನು ಬಾಡಿಗೆ ಜೋಡಿಸುವ ಮೌಂಟ್ ಒಂದೇ ಹೊತ್ತಿಗೆ ಮೂರು ಕೆಲಸ ಮಾಡುತ್ತದೆ: ಭಾರ ಹೊರುತ್ತದೆ, ಟಾರ್ಕ್‌ನ, ಎಂದರೆ ತಿರುಗಿಸುವ ಬಲದ, ಪ್ರತಿಕ್ರಿಯೆಯನ್ನು ತಡೆದುಕೊಳ್ಳುತ್ತದೆ, ಕಂಪನ ಬಾಡಿಗೆ ದಾಟದಂತೆ ನೋಡಿಕೊಳ್ಳುತ್ತದೆ. ಕಾರು ತಯಾರಕರು ಮೂರನೆಯ ಕೆಲಸಕ್ಕೆ ಹೆಚ್ಚಿನ ಪ್ರಾಶಸ್ತ್ಯ ಕೊಟ್ಟಿರುತ್ತಾರೆ, ಏಕೆಂದರೆ ಹೆಚ್ಚಿನ ಕಾರುಗಳು ಬಾಳಿನುದ್ದಕ್ಕೂ ರಸ್ತೆಯಲ್ಲೇ ಓಡುತ್ತವೆ.

ಇಲ್ಲಿನ ಬಲ ಎಷ್ಟೆಂದು ಒಂದು ಉದಾಹರಣೆಯಿಂದ ನೋಡೋಣ. ಎಂಜಿನ್ 300 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ, ಮೊದಲ ಗೇರಿನ ಅನುಪಾತ 3.6 ಎಂದಿಟ್ಟುಕೊಳ್ಳಿ. ಆಗ ಗೇರ್‌ಬಾಕ್ಸ್‌ನಿಂದ ಹೊರಬರುವ 1080 ನ್ಯೂಟನ್ ಮೀಟರ್‌ನಷ್ಟೇ ಪ್ರತಿಬಲವು ಎಂಜಿನ್ ಮತ್ತು ಗೇರ್‌ಬಾಕ್ಸ್‌ಗಳ ಜೋಡಿಯನ್ನು ವಿರುದ್ಧ ದಿಕ್ಕಿಗೆ ಹೊರಳಿಸಲು ನೋಡುತ್ತದೆ. ಡಿಫರೆನ್ಷಿಯಲ್‌ನ ಅನುಪಾತ 3.7 ಆದರೆ ಆಕ್ಸಲ್‌ಗೆ ಸಿಗುವುದು ಸುಮಾರು 4000 ನ್ಯೂಟನ್ ಮೀಟರ್; ಅದರ ಪ್ರತಿಬಲವನ್ನು ಡಿಫರೆನ್ಷಿಯಲ್‌ನ ಮೌಂಟ್‌ಗಳು ತಡೆಯಬೇಕು. ಇದರ ಮೇಲೆ ತಿರುವಿನ ಪಾರ್ಶ್ವಬಲವೂ ಸೇರಿದಾಗ ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ಬಾಡಿಗೆ ಹೋಲಿಸಿದರೆ ಪಕ್ಕಕ್ಕೆ ಸರಿಯುತ್ತವೆ. ನಿಮ್ಮ ಕೈ ಮಾತ್ರ ಆಸನದೊಂದಿಗೆ, ಎಂದರೆ ಬಾಡಿಯೊಂದಿಗೆ ಇರುತ್ತದೆ. ನಾಲ್ಕನೆಯ ಗೇರಿನ ಜಾಗವೆಂದು ಕೈಗೆ ರೂಢಿಯಾದ ಜಾಗದಲ್ಲಿ ಆ ಕ್ಷಣಕ್ಕೆ ನಾಲ್ಕನೆಯ ಗೇರ್ ಇರುವುದಿಲ್ಲ.

ಇದನ್ನು ಕೇವಲ ಕಿರಿಕಿರಿ ಎಂದು ತಳ್ಳಿಹಾಕಬೇಡಿ. ಎರಡನೆಯ ಗೇರಿನ ಅನುಪಾತ 2.1, ಮೂರನೆಯದು 1.5 ಎಂದಾದರೆ, ಮೂರರಲ್ಲಿ ನಿಮಿಷಕ್ಕೆ 7000 ಸುತ್ತು ತಿರುಗುತ್ತಿರುವಾಗ ನಾಲ್ಕರ ಬದಲು ಎರಡಕ್ಕೆ ಬಿದ್ದು ಕ್ಲಚ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು 9800 ಸುತ್ತಿಗೆ ಎಳೆದೊಯ್ಯುತ್ತವೆ. ಎಂಜಿನ್ ಸುತ್ತುಗಳ ಮಿತಿ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇಂಧನವನ್ನೋ ಕಿಡಿಯನ್ನೋ ನಿಲ್ಲಿಸಬಲ್ಲದೇ ಹೊರತು ಚಕ್ರಗಳನ್ನು ತಡೆಯಲಾರದು. ವಾಲ್ವ್ ಪಿಸ್ಟನ್‌ಗೆ ಬಡಿದರೆ ಎಂಜಿನ್ ಅಲ್ಲಿಗೆ ಮುಗಿಯಿತು. ಮೌಂಟ್‌ಗಳಿಗೆ ಮಾಡುವ ಖರ್ಚಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಮೊದಲು ಈಗಿರುವ ಮೌಂಟ್‌ಗಳನ್ನು ನೋಡಿಸಿ. ಒಳಗೆ ದ್ರವ ತುಂಬಿದ ಮೌಂಟ್ ಸೋರಿದ್ದರೆ ಸುತ್ತ ಎಣ್ಣೆಯಂಥ ಕಲೆ ಇರುತ್ತದೆ. ರಬ್ಬರ್ ಲೋಹದಿಂದ ಬಿಟ್ಟುಕೊಂಡಿದ್ದರೆ ಸನ್ನೆಕೋಲಿನಿಂದ ಮೆಲ್ಲಗೆ ಮೀಟಿದಾಗ ಬಿರುಕು ತೆರೆದುಕೊಳ್ಳುತ್ತದೆ. ಹಳೆಯ ಕಾರಾದರೆ ಕಂಪನಿಯ ಹೊಸ ಮೌಂಟ್ ಹಾಕಿದ ಮಾತ್ರಕ್ಕೇ ತೊಂದರೆ ನೀಗುವುದುಂಟು.

ಅದರಿಂದ ನೀಗದಿದ್ದರೆ ಒಂದು ಮೆಟ್ಟಿಲು ಗಟ್ಟಿಯಾದದ್ದಕ್ಕೆ ಹೋಗಿ. ಗಡಸುತನ ತಿಳಿಸುವ ಶೋರ್ ಎ ಅಳತೆಯಲ್ಲಿ ರಸ್ತೆ ಕಾರಿನ ರಬ್ಬರ್ ಸಾಮಾನ್ಯವಾಗಿ 50ರಿಂದ 60ರ ಆಸುಪಾಸಿನಲ್ಲಿದ್ದರೆ, ಮಾರುಕಟ್ಟೆಯ ಪಾಲಿಯುರೆಥೇನ್ ಮೌಂಟ್‌ಗಳು 70ರಿಂದ 95ರವರೆಗೆ ಸಿಗುತ್ತವೆ. ರಸ್ತೆಯಲ್ಲೂ ಓಡಬೇಕಾದ ಕಾರಿಗೆ ಗಟ್ಟಿ ರಬ್ಬರ್ ಅಥವಾ ಈ ಶ್ರೇಣಿಯ ಕೆಳತುದಿಯ ಪಾಲಿಯುರೆಥೇನ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಎಂಜಿನ್ ಮತ್ತು ಗೇರ್‌ಬಾಕ್ಸ್ ಮೌಂಟ್‌ಗಳನ್ನು ಒಂದೇ ಗಡಸುತನದ ಜೊತೆಯಾಗಿಯೇ ಬದಲಿಸಿ. ಎರಡೂ ಒಂದಕ್ಕೊಂದು ಬೋಲ್ಟ್ ಆಗಿರುವ ಒಂದೇ ತುಂಡು. ಗೇರ್‌ಬಾಕ್ಸ್‌ನ ತುದಿಯನ್ನು ಮಾತ್ರ ಅಲ್ಯೂಮಿನಿಯಂನಿಂದ ಬಿಗಿದು ಎಂಜಿನ್ನನ್ನು ಮೆತ್ತನೆಯ ರಬ್ಬರಿನ ಮೇಲೆ ಬಿಟ್ಟರೆ, ಎಂಜಿನ್ ಹೊರಳುವಾಗಿನ ಬಲವೆಲ್ಲ ಆ ಬಿಗಿದ ತುದಿಗೆ ಸೇರಿ ಗೇರ್‌ಬಾಕ್ಸ್ ಕವಚದಲ್ಲಿ ಮೌಂಟ್ ಕೂರುವ ಚಾಚು ಬಿರಿಯಬಹುದು.

ಎಲ್ಲವನ್ನೂ ಅಲ್ಯೂಮಿನಿಯಂ ಮಾಡಿದರೆ ಕಿವಿಗೆ ಕೇಳಿಸುವ ಸದ್ದಿಗಿಂತ ಕಣ್ಣಿಗೆ ಕಾಣದ ಹಾನಿ ದೊಡ್ಡದು. ತಡೆಯಿಲ್ಲದೆ ದಾಟಿ ಬರುವ ಕಂಪನ ಬ್ರಾಕೆಟ್‌ಗಳನ್ನು, ಎಣ್ಣೆಯ ಪೈಪುಗಳನ್ನು, ವೈರಿಂಗ್ ಕನೆಕ್ಟರ್‌ಗಳನ್ನು ದಿನದಿನವೂ ದಣಿಸುತ್ತದೆ. ರೇಸ್ ಕಾರುಗಳು ಇದನ್ನು ತಾಳಿಕೊಳ್ಳುವುದು ಪ್ರತಿ ಓಟದ ನಂತರ ಅವುಗಳನ್ನು ಬಿಚ್ಚಿ ಪರೀಕ್ಷಿಸುವವರು ಇರುವುದರಿಂದ. ತಯಾರಕರಿಗೂ ಈ ಇಕ್ಕಟ್ಟು ಗೊತ್ತಿದೆ. ಪೋರ್ಷೆ ತನ್ನ 911 ಜಿಟಿ3ರ 2010ರ ಮಾದರಿಯಲ್ಲಿ ಐಚ್ಛಿಕವಾಗಿ ಕೊಟ್ಟ ಎಂಜಿನ್ ಮೌಂಟ್‌ಗಳಲ್ಲಿ ಕಾಂತಕ್ಷೇತ್ರಕ್ಕೆ ಸಿಕ್ಕಾಗ ದಪ್ಪಗಾಗುವ ದ್ರವವಿದೆ. ನೆಮ್ಮದಿಯ ಓಟದಲ್ಲಿ ಅದು ಮೆತ್ತಗಿರುತ್ತದೆ, ಬಿರುಸಿನ ಓಟದಲ್ಲಿ ಗಟ್ಟಿಯಾಗುತ್ತದೆ.

ಪ್ರಶ್ನೆ: ಶಾಕ್ ಅಬ್ಸಾರ್ಬರ್‌ಗಳನ್ನು ಹಾಗೇ ಉಳಿಸಿಕೊಂಡು ಸ್ಪ್ರಿಂಗ್ ಮಾತ್ರ ಬದಲಿಸಿ ಕಾರನ್ನು ತಗ್ಗಿಸಿದರೆ ಆಗದೇ?

ಉತ್ತರ: ಟ್ರ್ಯಾಕ್‌ಗಾಗಿ ಎಂದಾದರೆ ಬೇಡ. ಒಂದು ಮೂಲೆಯಲ್ಲಿ ಸ್ಪ್ರಿಂಗ್ ಹೊರುವ ಭಾರ 300 ಕಿಲೋಗ್ರಾಂ, ಚಕ್ರದ ಬಳಿ ಅಳೆದ ಬಿಗಿತ ಮಿಲಿಮೀಟರಿಗೆ 30 ನ್ಯೂಟನ್ ಇದ್ದರೆ ಬಾಡಿ ಸೆಕೆಂಡಿಗೆ ಸುಮಾರು 1.6 ಸಲ ಏರಿಳಿಯುವ ಗುಣ ಪಡೆಯುತ್ತದೆ. ಬಿಗಿತವನ್ನು ಇಮ್ಮಡಿ ಮಾಡಿದರೆ ಅದು ಸುಮಾರು 2.25ಕ್ಕೆ ಏರುತ್ತದೆ. ಹೀಗೆ ಗಟ್ಟಿಯಾದ ಸ್ಪ್ರಿಂಗನ್ನು ಮೊದಲಿನ ಪ್ರಮಾಣದಲ್ಲೇ ಹತೋಟಿಯಲ್ಲಿಡಲು ಶಾಕ್ ಅಬ್ಸಾರ್ಬರ್‌ನ ತಡೆ ಸುಮಾರು ಶೇಕಡಾ 40ರಷ್ಟು ಹೆಚ್ಚಬೇಕು. ಹಳೆಯದಕ್ಕೆ ಆ ಶಕ್ತಿ ಇರುವುದಿಲ್ಲ. ಕಾರು ಉಬ್ಬು ದಾಟಿದ ಮೇಲೂ ತೂಗುತ್ತಲೇ ಇರುತ್ತದೆ, ಟೈರಿನ ಮೇಲಿನ ಭಾರ ಏರಿಳಿದು ಹಿಡಿತ ಕಡಿಮೆಯಾಗುತ್ತದೆ.

ಸ್ಪ್ರಿಂಗ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಚಕ್ರದ ಬಳಿಯ ಬಿಗಿತವೆಂದು ತಿಳಿಯಬೇಡಿ. ಚಕ್ರ ಒಂದು ಸೆಂಟಿಮೀಟರ್ ಚಲಿಸಿದಾಗ ಸ್ಪ್ರಿಂಗ್ 0.7 ಸೆಂಟಿಮೀಟರ್ ಮಾತ್ರ ಕುಗ್ಗುವ ಜೋಡಣೆಯಲ್ಲಿ, 0.7ರ ವರ್ಗವಾದ 0.49ರಿಂದ ಗುಣಿಸಬೇಕು, ಮಿಲಿಮೀಟರಿಗೆ 60 ನ್ಯೂಟನ್ ಬಿಗಿತದ ಸ್ಪ್ರಿಂಗ್ ಚಕ್ರಕ್ಕೆ 30ಕ್ಕಿಂತ ಕಡಿಮೆಯಾಗಿಯೇ ಒದಗುತ್ತದೆ. ಇನ್ನು ತಗ್ಗಿಸುವ ವಿಚಾರ. ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಕೂಡಿದ ಜೋಡಣೆ) ಇರುವ ಕಾರನ್ನು ಅತಿಯಾಗಿ ತಗ್ಗಿಸಿದರೆ ಕೆಳಗಿನ ಆರ್ಮ್‌ಗಳು ಹೊರತುದಿಯಲ್ಲಿ ಮೇಲೆದ್ದು, ಬಾಡಿ ವಾಲುವ ಕೇಂದ್ರವು ಗುರುತ್ವಕೇಂದ್ರಕ್ಕಿಂತ ಹೆಚ್ಚು ಕೆಳಗೆ ಇಳಿಯುತ್ತದೆ. ಅವುಗಳ ನಡುವಿನ ಅಂತರ ಹಿಗ್ಗುವುದರಿಂದ ತಗ್ಗಿಸಿದ ಕಾರು ಅದೇ ಸ್ಪ್ರಿಂಗಿನಲ್ಲಿ ಮೊದಲಿಗಿಂತ ಹೆಚ್ಚೇ ವಾಲಬಹುದು. ಎರಡರಿಂದ ಮೂರು ಸೆಂಟಿಮೀಟರ್‌ಗಿಂತ ಹೆಚ್ಚು ತಗ್ಗಿಸುವುದಾದರೆ ಬಾಲ್ ಜಾಯಿಂಟ್ ಮತ್ತು ಸ್ಟೀರಿಂಗ್ ಟೈ ರಾಡ್‌ಗಳ ಕೋನವನ್ನೂ ಸರಿಪಡಿಸುವ ಬಿಡಿಭಾಗಗಳನ್ನು ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಪ್ರಶ್ನೆ: ಸಸ್ಪೆನ್ಶನ್ನಿನ ಕೀಲುಗಳಲ್ಲಿ ಕೂರುವ ಎಲ್ಲ ಬುಷ್‌ಗಳಿಗೂ ಪಾಲಿಯುರೆಥೇನ್ ಹಾಕಿಸಿದೆ. ತಿರುವಿಗೆ ಹೊಕ್ಕುವಾಗ ಕಾರು ಚುರುಕಾಗಿದೆ, ಆದರೆ ನಡುವೆ ಹಿಂಭಾಗ ಒಮ್ಮೆಲೇ ಜಾರುತ್ತದೆ. ಶಾಕ್ ಅಬ್ಸಾರ್ಬರ್‌ಗಳು ಹೊಸವು. ದೋಷ ಎಲ್ಲಿದೆ?

ಉತ್ತರ: ನಿಮ್ಮ ಕಾರಿನ ಹಿಂಭಾಗದಲ್ಲಿ ಟ್ರೇಲಿಂಗ್ ಆರ್ಮ್ (ಚಕ್ರದಿಂದ ಮುಂದಕ್ಕೆ ಚಾಚಿ ಬಾಡಿಗೆ ಸೇರುವ ತೋಳು) ಇದ್ದರೆ ಮೊದಲು ಅದರ ಮುಂತುದಿಯ ಬುಷ್ ನೋಡಿ. ಬಹಳ ಜನ ಗಮನಿಸದೆ ಬಿಡುವ ವಿಷಯ ಇದಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಕೆಲವು ಬುಷ್‌ಗಳು ಒಂದೇ ಅಕ್ಷದ ಸುತ್ತ ತಿರುಗಿದರೆ ಸಾಕು, ಬಾಗಿಲಿನ ತಿರುಗಣಿಯ ಹಾಗೆ. ಅಂಥ ಕಡೆ ಪಾಲಿಯುರೆಥೇನ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದರೊಳಗೆ ಲೋಹದ ಕೊಳವೆ ಜಾರಿ ತಿರುಗುವುದರಿಂದ ಸಿಲಿಕೋನ್ ಗ್ರೀಸ್ ಹಚ್ಚುತ್ತಿದ್ದರೆ ಆಯಿತು. ಟ್ರೇಲಿಂಗ್ ಆರ್ಮ್‌ನ ಮುಂತುದಿ ಹಾಗಲ್ಲ. ಚಕ್ರ ಮೇಲೆ ಕೆಳಗೆ ಹೋಗುವಾಗ ಅಡ್ಡ ಲಿಂಕ್‌ಗಳು ಚಕ್ರವನ್ನು ತಮ್ಮದೇ ಕಮಾನಿನಲ್ಲಿ ಎಳೆಯುತ್ತವೆ, ಟ್ರೇಲಿಂಗ್ ಆರ್ಮ್ ತನ್ನ ಕಮಾನಿನಲ್ಲಿ ಹೋಗಲು ನೋಡುತ್ತದೆ. ಈ ಎರಡು ದಾರಿಗಳು ಹೊಂದುವುದಿಲ್ಲ. ಆ ಅಂತರವನ್ನು ಮೆತ್ತನೆಯ ರಬ್ಬರ್ ತಾನು ತಿರುಚಿಕೊಂಡು, ಓರೆಯಾಗಿ ನುಂಗಿಕೊಳ್ಳುತ್ತಿತ್ತು. ಪಾಲಿಯುರೆಥೇನ್ ಓರೆಯಾಗಲು ಒಪ್ಪುವುದಿಲ್ಲ. ಆರ್ಮ್ ಬಿಗಿದುಕೊಂಡು, ನೀವು ಹಾಕಿದ ಸ್ಪ್ರಿಂಗಿನ ಜೊತೆಗೆ ನೀವು ಹಾಕಿರದ ಇನ್ನೊಂದು ಸ್ಪ್ರಿಂಗ್ ಸೇರಿದಂತಾಗುತ್ತದೆ. ಕಾರು ವಾಲುತ್ತ ಹೋದಂತೆ ಹಿಂಭಾಗದ ಬಿಗಿತ ಏರುತ್ತ ಹೋಗಿ ಹೊರಗಿನ ಟೈರ್ ಒಮ್ಮೆಲೇ ಕೈಬಿಡುತ್ತದೆ.

ಪರೀಕ್ಷೆ ಸುಲಭ. ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬಾಡಿ ವಾಲುವುದನ್ನು ತಗ್ಗಿಸುವ ಆ್ಯಂಟಿ ರೋಲ್ ಬಾರ್‌ನ ಕೊಂಡಿ ಇವಿಷ್ಟನ್ನು ಬಿಚ್ಚಿ ಚಕ್ರವನ್ನು ಕೈಯಿಂದ ಪೂರ್ತಿ ಮೇಲೆ ಕೆಳಗೆ ಆಡಿಸಿ. ಕೊನೆಯವರೆಗೂ ಒಂದೇ ಸಮನಾಗಿ ಆಡಬೇಕು. ನಡುವೆ ಎಲ್ಲಾದರೂ ಬಿಗಿದರೆ ದೋಷ ಸಿಕ್ಕಿತು. ಆ ಜಾಗಕ್ಕೆ ಒಂದೋ ರಬ್ಬರನ್ನೇ ಹಿಂದಿರುಗಿಸಿ, ಇಲ್ಲವೇ ಲೋಹದ ಗೋಲಾಕಾರದ ಬೇರಿಂಗ್ ಹಾಕಿಸಿ. ಗೋಲದ ಬೇರಿಂಗ್ ಎಲ್ಲ ದಿಕ್ಕಿಗೂ ತಿರುಗುತ್ತದೆ, ಯಾವ ದಿಕ್ಕಿಗೂ ಸರಿಯುವುದಿಲ್ಲ. ಕಾರಿನ ವರ್ತನೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಧೂಳು ಮತ್ತು ನೀರು ಹೊಕ್ಕರೆ ಬೇಗ ಸವೆದು ಕಟಕಟ ಎನ್ನುವುದರಿಂದ ರಬ್ಬರ್ ಮುಸುಕು ಇರುವುದನ್ನೇ ಆರಿಸಿ.

ಇಲ್ಲಿ ಇನ್ನೊಂದು ಮಾತು. ತಯಾರಕರು ಇಟ್ಟ ಮೆತ್ತನೆಯ ರಬ್ಬರೆಲ್ಲ ಕೇವಲ ಆರಾಮಕ್ಕಾಗಿ ಎಂಬ ನಂಬಿಕೆ ಸರಿಯಲ್ಲ. 1977ರಲ್ಲಿ ಬಂದ ಪೋರ್ಷೆ 928ರ ವೈಸಾಖ್ ಆಕ್ಸಲ್ ಎಂಬ ಹಿಂದಿನ ಸಸ್ಪೆನ್ಶನ್ನಿನಲ್ಲಿ, ತಿರುವಿನ ನಡುವೆ ಆಕ್ಸಿಲರೇಟರ್ ಬಿಟ್ಟಾಗ ಅಥವಾ ಬ್ರೇಕ್ ಹಾಕಿದಾಗ ಹಿಂದಿನ ಚಕ್ರಗಳು ಒಳಮುಖವಾಗಿ ತಿರುಗಿ ಕಾರು ಸುತ್ತಿ ಹೋಗದಂತೆ ಮಾಡಿದ್ದು ಲೆಕ್ಕಹಾಕಿ ಬಿಟ್ಟ ಇಂಥ ನಮ್ಯತೆಯೇ. ನಿಮ್ಮ ಕಾರಿನಲ್ಲಿಯೂ ಅಂಥ ಏರ್ಪಾಡು ಇದ್ದು ಅದನ್ನು ಗಟ್ಟಿ ಮಾಡಿದ್ದರೆ, ಕಳೆದುಹೋದ ಆ ನೆರವನ್ನು ಹಿಂದಿನ ಚಕ್ರಗಳಿಗೆ ಸ್ವಲ್ಪ ಹೆಚ್ಚಿನ ಟೋ ಇನ್ (ಚಕ್ರಗಳ ಮುಂಭಾಗ ಒಳಮುಖವಾಗಿರುವ ಕೋನ) ಕೊಟ್ಟು ತುಂಬಿಕೊಳ್ಳಬೇಕಾಗುತ್ತದೆ.

ರಬ್ಬರ್ ಬುಷ್ ಹಿಂದಿರುಗಿಸುವುದಾದರೆ ಅದರ ಬೋಲ್ಟನ್ನು ಕಾರು ಜ್ಯಾಕ್ ಮೇಲೆ ತೂಗುತ್ತಿರುವಾಗ ಬಿಗಿಸಬಾರದು. ರಬ್ಬರ್ ಒಳಹೊರಗಿನ ಎರಡೂ ಕೊಳವೆಗಳಿಗೆ ಅಂಟಿಕೊಂಡಿರುತ್ತದೆ, ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರಗಳ ಮೇಲೆ ಭಾರ ಬಿದ್ದು ಕಾರು ತನ್ನ ಸಹಜ ಎತ್ತರದಲ್ಲಿ ನಿಂತಿರುವಾಗಲೇ ಕೊನೆಯ ಬಿಗಿತ ಕೊಡಬೇಕು. ಇಲ್ಲವಾದರೆ ಹೊಸ ಬುಷ್ ನಿಂತಲ್ಲೇ ತಿರುಚಿಕೊಂಡಿದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಪ್ರಶ್ನೆ: ಮುಂದಿನ ಚಕ್ರಗಳಿಂದ ಓಡುವ ಕಾರಿಗೂ ಇದೇ ಸಲಹೆಯೇ? ನಿಂತಲ್ಲಿಂದ ಹೊರಡುವಾಗ ನನ್ನ ಕಾರಿನ ಮುಂಭಾಗ ಕುಪ್ಪಳಿಸುತ್ತದೆ.

ಉತ್ತರ: ಅಡ್ಡಲಾಗಿ ಕೂತ ಎಂಜಿನ್‌ಗೆ ಡಿಫರೆನ್ಷಿಯಲ್ ಕೂಡ ಅದೇ ಕವಚದೊಳಗಿರುವುದರಿಂದ, ಮೇಲೆ ಹೇಳಿದ ಸುಮಾರು 4000 ನ್ಯೂಟನ್ ಮೀಟರ್ ಪೂರ್ತಿಯಾಗಿ ಎಂಜಿನ್ ಮೌಂಟ್‌ಗಳ ಮೇಲೇ ಬೀಳುತ್ತದೆ. ಎಂಜಿನ್ ಹಿಂದಕ್ಕೆ ಹೊರಳುತ್ತದೆ, ಟೈರ್ ಹಿಡಿತ ಬಿಟ್ಟಾಗ ಮರಳುತ್ತದೆ, ಮತ್ತೆ ಹೊರಳುತ್ತದೆ. ಅದೇ ಆ ಕುಪ್ಪಳಿಕೆ. ಡ್ರೈವ್ ಶಾಫ್ಟ್ ಮುರಿಯುವುದೂ ಹೀಗೆಯೇ. ಭಾರ ಹೊರುವ ಮೇಲಿನ ಮೌಂಟ್‌ಗಳನ್ನು ಮುಟ್ಟದೆ, ಎಂಜಿನ್ ಹೊರಳದಂತೆ ಕೆಳಗಿನಿಂದ ಹಿಡಿಯುವ ಟಾರ್ಕ್ ರಾಡ್‌ನ ಬುಷ್ ಒಂದನ್ನು ಮೊದಲು ಗಟ್ಟಿ ಮಾಡಿಸಿ. ಹೆಚ್ಚಿನ ಕಾರುಗಳಿಗೆ ಅಷ್ಟು ಸಾಕು.

ಪ್ರಶ್ನೆ: ಟ್ರ್ಯಾಕ್‌ಗೆ ಎಷ್ಟು ಡಿಗ್ರಿ ಕ್ಯಾಂಬರ್ ಇಡಬೇಕು?

ಉತ್ತರ: ಕ್ಯಾಂಬರ್ ಎಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ. ಋಣಾತ್ಮಕವಾಗಿ, ಎಂದರೆ ಮೇಲ್ತುದಿ ಒಳಕ್ಕೆ ವಾಲುವಂತೆ, 2.5 ಡಿಗ್ರಿಯ ಆಸುಪಾಸಿನಲ್ಲಿ ಮುಂದಿನ ಚಕ್ರಗಳನ್ನು ಇಟ್ಟು ಶುರು ಮಾಡಿ, ಆಮೇಲೆ ಟೈರಿನ ಮಾತು ಕೇಳಿ. ಬಿರುಸಿನ ಸುತ್ತು ಮುಗಿಸಿ ಒಳಬಂದ ತಕ್ಷಣ, ಚುಚ್ಚಿ ನೋಡುವ ಉಷ್ಣಮಾಪಕದಿಂದ ಟೈರಿನ ಒಳಅಂಚು, ನಡು, ಹೊರಅಂಚುಗಳ ಶಾಖವನ್ನು ಅಳೆಯಿರಿ. ಹೊರಅಂಚು ಹೆಚ್ಚು ಬಿಸಿಯಾಗಿದ್ದರೆ ಕ್ಯಾಂಬರ್ ಸಾಲದು. ಒಳಅಂಚು ಸ್ವಲ್ಪ ಬಿಸಿಯಿದ್ದರೆ ಸರಿ, ಬಹಳ ಬಿಸಿಯಿದ್ದರೆ ಕ್ಯಾಂಬರ್ ಅತಿಯಾಯಿತು. ನಡು ಬಿಸಿಯಿದ್ದರೆ ಗಾಳಿ ಹೆಚ್ಚಾಗಿದೆ. ಕ್ಯಾಂಬರ್ ಬದಲಿಸಿದಾಗಲೆಲ್ಲ ಟೋ ಕೂಡ ಬದಲಾಗುವುದರಿಂದ ಅದನ್ನು ಮತ್ತೆ ಹೊಂದಿಸದೆ ಟ್ರ್ಯಾಕ್‌ಗೆ ಇಳಿಯಬೇಡಿ. ಬಿಚ್ಚಿ ಬಿಗಿಸಿದ ಪ್ರತಿ ಬೋಲ್ಟಿನ ಮೇಲೂ ಬಣ್ಣದ ಗೆರೆ ಎಳೆದಿಟ್ಟು ಮೊದಲ ಓಟದ ನಂತರ ಆ ಗೆರೆಗಳು ಸರಿದಿವೆಯೇ ಎಂದು ನೋಡಿ, ಸರಿದದ್ದನ್ನು ತಯಾರಕರು ಹೇಳಿದ ಟಾರ್ಕ್‌ಗೆ ಮತ್ತೆ ಬಿಗಿಸಿ.