ಹಳೆ ಚೀಟಿಗೆ ಮಾತ್ರೆ ಯಾಕೆ ಕೊಡಲಿಲ್ಲ?

ಪ್ರಶ್ನೆ: ಅಮ್ಮನಿಗೆ ಎರಡು ದಿನದಿಂದ ಜ್ವರ. ಕಳೆದ ವರ್ಷದ ಚೀಟಿ ತೋರಿಸಿ ಸೆಫಿಕ್ಸಿಮ್ ಕೇಳಿದರೆ ಮೆಡಿಕಲ್‌ನವರು ಕೊಡಲಿಲ್ಲ. ಇದು ಸರಿಯಾ?
– ಓದುಗರು, ಕಾಪು

ಉತ್ತರ: ಸರಿಯೇ. ಸೆಫಿಕ್ಸಿಮ್ ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಆಂಟಿಬಯೋಟಿಕ್. ಅದು ಶೆಡ್ಯೂಲ್ ಎಚ್‌1 ಪಟ್ಟಿಯಲ್ಲಿದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ, ಮಾರಿದ್ದಕ್ಕೆ ಲೆಕ್ಕ ಇಡಬೇಕಾದ ಔಷಧಿಗಳ ಸರ್ಕಾರಿ ಪಟ್ಟಿ. 2014ರ ಮಾರ್ಚ್‌ನಿಂದ ಇಂಥ ಔಷಧಿ ಮಾರಿದರೆ ರೋಗಿಯ ಹೆಸರು, ಬರೆದ ಡಾಕ್ಟರ ಹೆಸರು, ಎಷ್ಟು ಕೊಟ್ಟರು ಎಂಬುದನ್ನೆಲ್ಲ ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ನನಗೆ ಜಾಸ್ತಿ ಚಿಂತೆ ಅಮ್ಮನದ್ದು. ನಮ್ಮ ಉಡುಪಿ, ಮಂಗಳೂರು ಕಡೆ ಮಳೆಗಾಲದ ಜ್ವರ ಅಂದರೆ ಮಲೇರಿಯಾ ಇರಬಹುದು, ಡೆಂಗಿ ಇರಬಹುದು, ಅವೆರಡಕ್ಕೂ ಈ ಮಾತ್ರೆ ಏನೂ ಮಾಡುವುದಿಲ್ಲ, ಸುಮ್ನೆ ದಿನ ಹಾಳು ಅಲ್ವಾ? ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಕೊಡಬೇಡಿ. ಡೆಂಗಿಯಾಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇವತ್ತೇ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ.